ಪ್ರಶ್ನೋತ್ತರ: ನಾಲ್ಕು ಮಳೆಗಾಲ ನಿಂತ ಫೋರ್ ವೀಲ್ ಪಿಕಪ್, ಮನೆಯಲ್ಲೇ ಎಬ್ಬಿಸುವುದು ಹೇಗೆ?

ಪ್ರಶ್ನೆ (ಹೊಸನಗರ ತಾಲ್ಲೂಕಿನಿಂದ):

ನಮಸ್ಕಾರ. ತೋಟದ ಕೆಲಸದ ಹಳೇ ಡೀಸೆಲ್ ಪಿಕಪ್, ಫೋರ್ ವೀಲ್, 2523 ಸಿಸಿ ಡಿಐ (ಸಿಲಿಂಡರಿಗೆ ನೇರ ಡೀಸೆಲ್ ಚಿಮ್ಮುವ) ಎಂಜಿನ್. ನಾಲ್ಕು ಮಳೆಗಾಲದಿಂದ ಕೊಟ್ಟಿಗೆ ಪಕ್ಕ ಮಾಡಿನಡಿ ನಿಂತಿದೆ. ನಿಲ್ಲಿಸುವಾಗ ಓಡುತ್ತಿತ್ತು, ಬೆಳಿಗ್ಗೆ ಸ್ವಲ್ಪ ಬಿಳಿ ಹೊಗೆ ಇತ್ತು. ಫೋರ್ ವೀಲ್ ಲಿವರ್ ಬಿದ್ದರೂ ಮುಂದಿನ ಚಕ್ರ ಎಳೆಯುತ್ತಿರಲಿಲ್ಲ. ಈಗ ಬ್ರೇಕ್ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ, ಚಾಸಿಗೆ ತುಕ್ಕು ಹಿಡಿದಿದೆ. ಸ್ಪ್ಯಾನರ್ ಸೆಟ್, ಜಾಕ್, ಸಣ್ಣ ವೆಲ್ಡಿಂಗ್ ಮಷಿನ್ ಇದೆ. ಹೊಸ ಬ್ಯಾಟರಿ ತಂದಾಗಿದೆ. ನಾಳೆ ಸೆಲ್ಫ್ ಹೊಡೆದು ನೋಡಲೇ?

ಉತ್ತರ (ಡೀಸೆಲ್ ಮೆಕ್ಯಾನಿಕ್, ಶಿವಮೊಗ್ಗ):

ಬೇಡ ಮಾರಾಯ್ರೆ. ಬ್ಯಾಟರಿ ಪೆಟ್ಟಿಗೆಯಲ್ಲೇ ಇರಲಿ. ಇಷ್ಟು ಕಾಲ ನಿಂತ ಡೀಸೆಲ್ ಗಾಡಿಯನ್ನು ಒಂದೇ ಸೆಲ್ಫಿಗೆ ಎಬ್ಬಿಸಲು ಹೋದರೆ ಮೂರು ತೊಂದರೆ ಆಗಬಹುದು. ಟ್ಯಾಂಕಿನ ಅಡಿಯ ನೀರು ಪಂಪಿಗೆ ಹೋಗುತ್ತದೆ. ಒಣಗಿದ ಪಿಸ್ಟನ್ ರಿಂಗ್ ಲೈನರನ್ನು (ಸಿಲಿಂಡರಿನ ಒಳಗೋಡೆ) ಗೀರುತ್ತದೆ. ಮೂರನೆಯದು ಅಪಾಯದ್ದು: ಪಂಪಿನ ಒಳಗಿನ ಕಂಟ್ರೋಲ್ ಅಂಟಿಕೊಂಡಿದ್ದರೆ ಎಂಜಿನ್ ಸ್ಟಾರ್ಟ್ ಆದ ಕೂಡಲೇ ಪೂರ್ತಿ ರೇಸಿಗೆ ಹೋಗುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ.

ಟ್ಯಾಂಕಿನಿಂದ ಶುರು ಮಾಡಿ. ಅಡಿಯ ಬೋಲ್ಟ್ ತೆಗೆದು ಹಳೇ ಡೀಸೆಲ್ ಪೂರ್ತಿ ಇಳಿಸಿ. ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಇಟ್ಟರೆ ನೀರು ಎಷ್ಟಿತ್ತೆಂದು ಅಡಿಯಲ್ಲೇ ಕಾಣುತ್ತದೆ. ನಮ್ಮ ಕಡೆ ಅರ್ಧ ಖಾಲಿ ಟ್ಯಾಂಕ್ ಮಳೆಗಾಲದಲ್ಲಿ ಒಳಗೇ ಬೆವರುತ್ತದೆ. ನೀರು ಮತ್ತು ಡೀಸೆಲ್ ಸೇರುವಲ್ಲಿ ಪಾಚಿಯಂಥ ಕಪ್ಪು ಲೋಳೆ ಬೆಳೆಯುತ್ತದೆ. ಅದು ಬಂದರೆ ಟ್ಯಾಂಕ್ ಇಳಿಸಿ, ಎರಡೆರಡು ಲೀಟರ್ ಹೊಸ ಡೀಸೆಲ್ ಹಾಕಿ, ಸ್ವಚ್ಛ ಬರುವ ತನಕ ಕುಲುಕಿ ಚೆಲ್ಲಬೇಕು. ಫಿಲ್ಟರ್ ಎಷ್ಟಿವೆಯೋ ಅಷ್ಟೂ ಹೊಸದು. ರಬ್ಬರ್ ಪೈಪ್ ಬೆರಳಲ್ಲಿ ಬಗ್ಗಿಸಿದಾಗ ಬಿರುಕು ಕಂಡರೆ ಬದಲಿಸಿ. ಅಲ್ಲಿಂದ ಡೀಸೆಲ್ ಸೋರದೆ ಗಾಳಿ ಮಾತ್ರ ಒಳಗೆ ಹೋಗುವುದೂ ಉಂಟು. ಆಗ ಎಷ್ಟು ಸಲ ಏರ್ ತೆಗೆದರೂ ಬೆಳಿಗ್ಗೆ ಮತ್ತೆ ಏರ್ ಹಿಡಿದಿರುತ್ತದೆ.

ಆಮೇಲೆ ಎಂಜಿನ್. ನಿಮ್ಮದು ಡಿಐ, ಹೀಟರ್ ಪ್ಲಗ್ ಇಲ್ಲ, ಸಿಲಿಂಡರಿಗೆ ಆಯಿಲ್ ಬಿಡಲು ಬೇರೆ ತೂತಿಲ್ಲ, ಹಾಗಾಗಿ ನಾಲ್ಕೂ ನಾಝಲ್ (ಡೀಸೆಲ್ ಚಿಮ್ಮಿಸುವ ಭಾಗ) ತೆಗೆಯಬೇಕು. ಸುತ್ತಲಿನ ಕಸ ಮೊದಲು ಗಾಳಿ ಹೊಡೆದು ತೆಗೆಯಿರಿ, ಇಲ್ಲದಿದ್ದರೆ ಅದು ಸಿಲಿಂಡರಿಗೆ ಬೀಳುತ್ತದೆ. ಒಂದೊಂದು ಸಿಲಿಂಡರಿಗೆ 10 ಮಿಲಿಯಷ್ಟು ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ತಡೆದರೆ ಪೈಪ್ ಹಾಕಿ ಬಲ ಕೊಡಬೇಡಿ. ಬಿಟ್ಟು, ಇನ್ನೊಂದು ದಿನ ನೆನೆಯಲಿ.

ಸಲೀಸಾಗಿ ತಿರುಗಿದರೆ ಹಳೇ ಆಯಿಲ್ ಇಳಿಸಿ, ಹೊಸ ಆಯಿಲ್ ಫಿಲ್ಟರ್, 15ಡಬ್ಲ್ಯು40 ಆಯಿಲ್ ಡಿಪ್ ಸ್ಟಿಕ್ಕಿನ ಮೇಲಿನ ಗೆರೆ ತನಕ. ಹಳೇ ಆಯಿಲ್ ಮಜ್ಜಿಗೆ ಬಣ್ಣ ಇದ್ದರೆ ನೀರು ಸೇರಿದೆ ಎಂದರ್ಥ, ಹೆಡ್ ಗ್ಯಾಸ್ಕೆಟ್ ನೋಡದೆ ಮುಂದೆ ಹೋಗಬೇಡಿ. ಈಗ ಬ್ಯಾಟರಿ ತನ್ನಿ. ನಾಝಲ್ ಇನ್ನೂ ಹೊರಗೇ ಇರಲಿ, ಸ್ಟಾಪ್ ಸೊಲಿನಾಯ್ಡಿನ (ಪಂಪಿನಲ್ಲಿ ಡೀಸೆಲ್ ತಡೆಯುವ ಕರೆಂಟ್ ವಾಲ್ವ್) ವೈರ್ ಕಳಚಿ, ತೂತುಗಳ ಮೇಲೆ ಬಟ್ಟೆ ಹಾಸಿ, ಹತ್ತತ್ತು ಸೆಕೆಂಡ್ ಸೆಲ್ಫ್ ಕೊಡಿ. ಆಯಿಲ್ ಲೈಟ್ ಆರಿದ ಮೇಲೆ ನಾಝಲ್ ಕೂರಿಸಿ, ಸೊಲಿನಾಯ್ಡಿನ ವೈರ್ ಮತ್ತೆ ಹಾಕಿ. ಕೆಳಗಿನ ತಾಮ್ರದ ವಾಷರ್ ಹೊಸದೇ ಆಗಬೇಕು, ಹಳೆಯದು ಒತ್ತಿ ಒತ್ತಿ ಗಟ್ಟಿಯಾಗಿರುತ್ತದೆ, ಮತ್ತೆ ಕೂರುವುದಿಲ್ಲ.

ಏರ್ ತೆಗೆಯುವಾಗ ಫಿಲ್ಟರ್ ಮೇಲಿನ ಸ್ಕ್ರೂ ಮೊದಲು, ಪಂಪಿನದು ಆಮೇಲೆ, ಕೊನೆಗೆ ನಾಝಲ್ ನಟ್. ಮೊದಲ ಎರಡಕ್ಕೆ ಕೈಪಂಪ್ ಒತ್ತುತ್ತಾ, ನಾಝಲ್ ನಟ್ಟಿಗೆ ಸೆಲ್ಫ್ ಕೊಡುತ್ತಾ, ಗುಳ್ಳೆ ನಿಂತ ಮೇಲೆ ಒಂದೊಂದೇ ಬಿಗಿ ಮಾಡಿ. ನಾಝಲ್ ಬಾಯಿಯ ಎದುರು ಕೈ ಒಡ್ಡಲೇಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ಆಸ್ಪತ್ರೆಗೆ ಓಡಬೇಕಾದ ಗಾಯ ಅದು.

ಮೊದಲ ಸ್ಟಾರ್ಟಿಗೆ ಏರ್ ಕ್ಲೀನರಿನ ಹೋಸ್ ಕಳಚಿಟ್ಟು, ಒಬ್ಬರು ದಪ್ಪ ಹಲಗೆ ತುಂಡು ಹಿಡಿದು ನಿಲ್ಲಲಿ. ಎಂಜಿನ್ ರೇಸಿಗೆ ಹೋದರೆ ಗಾಳಿ ಹೋಗುವ ಬಾಯಿಗೆ ಹಲಗೆ ಒತ್ತಿದರೆ ಸಾಕು, ನಿಲ್ಲುತ್ತದೆ. ಕೈಯಲ್ಲಾಗಲಿ ಬಟ್ಟೆಯಲ್ಲಾಗಲಿ ಮುಚ್ಚಬೇಡಿ, ಎರಡನ್ನೂ ಎಳೆದುಕೊಳ್ಳುತ್ತದೆ. ಏರ್ ಕ್ಲೀನರನ್ನೂ ಬಿಚ್ಚಿ ನೋಡಿ, ಇಲಿ ಗೂಡು ಇದ್ದೇ ಇರುತ್ತದೆ.

ಬಿಳಿ ಹೊಗೆ ಬಿಸಿಯಾದ ಮೇಲೆ ನಿಂತರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಅಷ್ಟೆ. ನಾಝಲ್ ಟೆಸ್ಟ್, ಪಂಪ್ ಕ್ಯಾಲಿಬ್ರೇಷನ್ ಮನೆ ಕೆಲಸವಲ್ಲ. ಬಿಚ್ಚಿ ಚೀಲಕ್ಕೆ ಹಾಕಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ತನ್ನಿ, ಬೆಂಚ್ ಮೇಲೆ ನೋಡಿಸಿ. ಬಿಸಿಯಾದ ಮೇಲೂ ನಿಲ್ಲದೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಅದು ಬೇರೆ ಕಥೆ, ಹೆಡ್ ಇಳಿಸಬೇಕು.

ಉತ್ತರ (ವೆಲ್ಡಿಂಗ್ ಕೆಲಸದವರು, ಸಾಗರ):

ಎಂಜಿನ್ ಕೈಯಲ್ಲಿ ತಿರುಗಿತೋ ಇಲ್ಲವೋ ಅಷ್ಟು ನೋಡಿಕೊಂಡು ಅಲ್ಲಿಗೆ ನಿಲ್ಲಿಸಿ. ದುಡ್ಡು ಸುರಿಯುವ ಮೊದಲು ಚಾಸಿ ನೋಡಬೇಕು; ಅದು ಹೋಗಿದ್ದರೆ ಒಳ್ಳೇ ಎಂಜಿನ್ ಇಟ್ಟುಕೊಂಡು ಏನು ಮಾಡುವುದು? ಅಡಿಗೆ ಮಲಗಿ ಸುತ್ತಿಗೆಯಲ್ಲಿ ಬಡಿಯುತ್ತಾ ಹೋಗಿ. ಟಣ್ ಎಂದರೆ ಸರಿ, ಡಬ್ ಎಂದರೆ ಒಳಗೆ ಟೊಳ್ಳು. ಸ್ಪ್ರಿಂಗ್ ಪ್ಲೇಟಿನ ಹ್ಯಾಂಗರ್ ಕೂರುವಲ್ಲಿ, ಕ್ರಾಸ್ ಮೆಂಬರ್ ಸೇರುವಲ್ಲಿ, ಎರಡು ತಗಡು ಒಂದರ ಮೇಲೊಂದು ಇರುವಲ್ಲಿ ಕೆಸರು ಕೂತು ಒಳಗಿನಿಂದಲೇ ತಿಂದಿರುತ್ತದೆ.

ತುಕ್ಕಿನ ಮೇಲೆ ತಗಡು ಅಂಟಿಸುವುದು ಕೆಲಸವೇ ಅಲ್ಲ. ಹೊಳೆಯುವ ಕಬ್ಬಿಣ ಸಿಗುವ ತನಕ ಕತ್ತರಿಸಿ, ಮೂಲದಷ್ಟೇ ದಪ್ಪದ, ಸಾಮಾನ್ಯವಾಗಿ 3 ಮಿಮೀ, ಮೈಲ್ಡ್ ಸ್ಟೀಲ್ ಪ್ಲೇಟ್ ಹಾಕಿ. ಪ್ಲೇಟಿನ ತುದಿ ನೇರ ಬೇಡ, ಓರೆಯಾಗಿ ಕತ್ತರಿಸಿ. ಅಡ್ಡಲಾಗಿ ಒಂದೇ ಗೆರೆ ವೆಲ್ಡ್ ಹಾಕಿದರೆ ಲೋಡಿನಲ್ಲಿ ಚಾಸಿ ಅದೇ ಗೆರೆಯಲ್ಲಿ ಬಿರುಕು ಬಿಡುತ್ತದೆ. ಒಂದು ಇಂಚು ಇಲ್ಲಿ, ಒಂದು ಇಂಚು ಅಲ್ಲಿ ಹಾಕುತ್ತಾ ಹೋಗಿ, ಒಂದೇ ಕಡೆ ಎಳೆದರೆ ಸೊಟ್ಟಗಾಗುತ್ತದೆ. ಟ್ಯಾಂಕ್ ಇಳಿಸಿ, ಬ್ಯಾಟರಿ ಮತ್ತು ಆಲ್ಟರ್ನೇಟರ್ ವೈರ್ ಕಳಚಿಯೇ ವೆಲ್ಡಿಂಗ್.

ಬಣ್ಣಕ್ಕೆ ಶಿವರಾತ್ರಿ ಆಸುಪಾಸಿನ ಒಣ ಹವೆ ಒಳ್ಳೆಯದು. ಬ್ರಷ್ ಹೊಡೆದು, ರಸ್ಟ್ ಕನ್ವರ್ಟರ್ ಹಚ್ಚಿ, ಒಣಗಿದ ಮೇಲೆ ಎರಡು ಕೋಟ್ ಎಪಾಕ್ಸಿ ಪ್ರೈಮರ್, ಮೇಲೆ ಚಾಸಿ ಬ್ಲ್ಯಾಕ್. ಬರಿ ಬೂದು ಪ್ರೈಮರ್ ಹೊಡೆದು "ಬಣ್ಣ ಆಮೇಲೆ" ಎಂದು ಮಳೆಗಾಲಕ್ಕೆ ಬಿಟ್ಟರೆ ಅದು ನೀರನ್ನು ಹೀರಿಕೊಳ್ಳುತ್ತದೆ, ಅಡಿಯಲ್ಲೇ ತುಕ್ಕು ಶುರು.

ಪ್ರತಿಕ್ರಿಯೆ (ಅಡಿಕೆ ಬೆಳೆಗಾರರು, ತೀರ್ಥಹಳ್ಳಿ):

ಪಿಕಪ್ಪಿನ ಹಿಂದಿನ ಲೋಡ್ ಡಬ್ಬಿಯ ತಳ ಬೇಗ ಹೋಗುವುದು ಮಳೆಯಿಂದ ಮಾತ್ರ ಅಲ್ಲ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತದ ನೀರಿನ ಡ್ರಮ್ ಅದರಲ್ಲೇ ಸಾಗಿಸುತ್ತೇವಲ್ಲ, ಚೆಲ್ಲಿದ ಕಡೆಯೆಲ್ಲ ಕಬ್ಬಿಣ ಕರಗುತ್ತದೆ. ಬೋರ್ಡೋಗೆ (ಮೈಲುತುತ್ತ, ಸುಣ್ಣ ಸೇರಿಸಿದ ದ್ರಾವಣ) ಸುಣ್ಣ ಸಾಕಾಯಿತೇ ಎಂದು ಕತ್ತಿ ಅದ್ದಿ ನೋಡಿದಾಗ ಅಲಗಿಗೆ ಕೆಂಪು ತಾಮ್ರ ಹತ್ತುವುದು ಗೊತ್ತಿದೆಯಲ್ಲ, ತಗಡಿಗೂ ಅದೇ ಆಗುವುದು. ಪೊಟ್ಯಾಷ್ ಗೊಬ್ಬರ ಕೂಡ ಉಪ್ಪಿನ ಜಾತಿ. ತಳಕ್ಕೆ ದಪ್ಪ ರಬ್ಬರ್ ಮ್ಯಾಟ್ ಹಾಸಿ, ಆದರೆ ವಾರಕ್ಕೊಮ್ಮೆ ಎತ್ತಿ ತೊಳೆಯಬೇಕು. ನೀರು ಇಳಿಯುವ ತೂತು ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಪ್ರಶ್ನೆ (ಹೊಸನಗರ):

ಎಂಜಿನ್ ಕೈಯಲ್ಲಿ ತಿರುಗಿತು. ಟ್ಯಾಂಕಿನಲ್ಲಿ ಮುಕ್ಕಾಲು ಲೀಟರ್ ನೀರು! ಬ್ರೇಕ್ ಮತ್ತು ಫೋರ್ ವೀಲ್ ಬಗ್ಗೆ ಹೇಳಿ. ಚಾಸಿಗೆ ಹಳೇ ಆಯಿಲ್ ಹೊಡೆದರೆ ಸಾಲದೇ?

ಉತ್ತರ (ಡೀಸೆಲ್ ಮೆಕ್ಯಾನಿಕ್):

ಹಳೇ ಆಯಿಲ್ ಕಬ್ಬಿಣಕ್ಕೆ ಆದೀತು, ಆದರೆ ರಬ್ಬರ್ ಬುಷ್, ಬ್ರೇಕ್ ಹೋಸ್ ಎಲ್ಲ ಉಬ್ಬಿ ಮೆತ್ತಗಾಗುತ್ತದೆ. ಮಳೆಗೆ ತೊಳೆದು ತೋಟಕ್ಕೇ ಇಳಿಯುತ್ತದೆ. ಬೇಡ.

ಬ್ರೇಕಿನಲ್ಲಿ ಉಳಿತಾಯ ನೋಡಬೇಡಿ. ಮಾಸ್ಟರ್ ಸಿಲಿಂಡರ್, ನಾಲ್ಕೂ ವೀಲ್ ಸಿಲಿಂಡರ್ ಅಥವಾ ಕ್ಯಾಲಿಪರ್ ಕಿಟ್, ಮೂರೂ ರಬ್ಬರ್ ಹೋಸ್ ಹೊಸದು. ಸಿಲಿಂಡರ್ ಒಳಗೆ ಉಗುರಿಗೆ ತಾಗುವ ಗುಳಿ ಇದ್ದರೆ ಕಿಟ್ ಹಾಕಿ ಪ್ರಯೋಜನ ಇಲ್ಲ, ಇಡೀ ಸಿಲಿಂಡರೇ ಬದಲಿಸಿ. ಸ್ಟೀಲ್ ಪೈಪ್ ತೂತಾಗುವುದು ಕ್ಲಿಪ್ಪಿನ ಅಡಿ, ಅಲ್ಲಿ ನೀರು ನಿಲ್ಲುತ್ತದೆ. ಡಾಟ್ 3 ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ತೇವ ಸೇರಿದ ಆಯಿಲ್ ಘಾಟಿಯಲ್ಲಿ ಕಾದಾಗ ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಆಗುಂಬೆಯ 14 ತಿರುವಿನ ಮಧ್ಯೆ ಅದು ಗೊತ್ತಾಗುವುದು ಬೇಡ. ಏರ್ ತೆಗೆಯುವ ಕ್ರಮ: ಹಿಂದೆ ಎಡ, ಹಿಂದೆ ಬಲ, ಮುಂದೆ ಎಡ, ಮುಂದೆ ಬಲ. ಎಲ್ಲ ಆದ ಮೇಲೂ ಪೆಡಲ್ ಕಲ್ಲಿನ ಹಾಗಿದ್ದರೆ ಆಲ್ಟರ್ನೇಟರ್ ಹಿಂದಿನ ವ್ಯಾಕ್ಯೂಮ್ ಪಂಪ್ ಮತ್ತು ಅದರ ಹೋಸ್ ನೋಡಿ.

ಫೋರ್ ವೀಲಿಗೆ ಮುಂದಿನ ಎರಡೂ ಚಕ್ರ ಎತ್ತಿ, ಭದ್ರ ಸ್ಟ್ಯಾಂಡ್ ಕೊಟ್ಟು, ಎಂಜಿನ್ ಬಂದ್ ಇಟ್ಟುಕೊಂಡು ಲಿವರ್ ಹಾಕಿ. ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿದರೆ ಟ್ರಾನ್ಸ್‌ಫರ್ ಕೇಸಿನಲ್ಲಿ (ಮುಂದಿನ ಚಕ್ರಕ್ಕೂ ಎಳೆತ ಹಂಚುವ ಗೇರ್ ಪೆಟ್ಟಿಗೆ) ಗೇರ್ ಬಿದ್ದಿಲ್ಲ. ಹೆಚ್ಚಾಗಿ ಲಿವರಿನ ಪಿನ್ ತುಕ್ಕಿಗೆ ಹಿಡಿದು ಪೂರ್ತಿ ಚಲಿಸುತ್ತಿರುವುದಿಲ್ಲ, ಕೆರೆದು ಗ್ರೀಸ್ ಹಾಕಿದರೆ ಸರಿ. ಶಾಫ್ಟ್ ಗಟ್ಟಿ ನಿಂತೂ ಚಕ್ರಗಳು ಬಿಡಿಬಿಡಿಯಾಗಿ ಆಡಿದರೆ ಫ್ರೀ ವೀಲ್ ಹಬ್ (ಚಕ್ರವನ್ನು ಆಕ್ಸಲ್‌ಗೆ ಜೋಡಿಸಿ ಬಿಡಿಸುವ ಭಾಗ) ಲಾಕ್ ಆಗುತ್ತಿಲ್ಲ.

ಆಕ್ಸಲ್ ಹೌಸಿಂಗ್ ಆಯಿಲ್ ಬದಲಿಸುವಾಗ ಮೇಲಿನ ತುಂಬುವ ಪ್ಲಗ್ ಮೊದಲು ತೆಗೆಯಿರಿ. ಕೆಳಗಿನದು ತೆಗೆದು ಎಲ್ಲ ಇಳಿಸಿ, ಆಮೇಲೆ ಮೇಲಿನದು ಜಾಮ್ ಎಂದು ಗೊತ್ತಾದರೆ ಗಾಡಿ ಅಲ್ಲೇ. ಆಯಿಲ್ ಬೆಳ್ಳಗಿದ್ದರೆ ನೀರು ಸೇರಿದೆ, ಹೆಚ್ಚಾಗಿ ಬ್ರೀದರ್ (ಹೌಸಿಂಗ್ ಉಸಿರಾಡುವ ತೂತು) ಮುಚ್ಚಿರುತ್ತದೆ. ಬಿಸಿ ಹೌಸಿಂಗ್ ಹಳ್ಳದ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರು ಎಳೆಯುತ್ತದೆ. ಬ್ರೀದರಿಗೆ ಪೈಪ್ ಹಾಕಿ ಎಂಜಿನ್ ಎತ್ತರಕ್ಕೆ ತನ್ನಿ. ಕ್ರೌನಿಗೆ (ಹೌಸಿಂಗ್ ಒಳಗಿನ ದೊಡ್ಡ ಗೇರ್) ಜಿಎಲ್-5 ದರ್ಜೆಯ ಗೇರ್ ಆಯಿಲ್, ಅದನ್ನೇ ಗೇರ್‌ಬಾಕ್ಸಿಗೂ ಹಾಕಬೇಡಿ, ಹಿತ್ತಾಳೆಯ ಸಿಂಕ್ರೊ ರಿಂಗ್ ಇರುವಲ್ಲಿ ಜಿಎಲ್-4.

ಪ್ರಶ್ನೆ (ಹೊಸನಗರ):

ಹಿಂದಿನ ಟೈರ್ ಅರ್ಧ ಸವೆದಿದೆ, ಮುಂದೆ ಎರಡು ಹೊಸದು ಹಾಕಬಹುದೇ?

ಉತ್ತರ (ಡೀಸೆಲ್ ಮೆಕ್ಯಾನಿಕ್):

ಬರೀ ಹಿಂದಿನ ಚಕ್ರದಲ್ಲೇ ಓಡಿಸುವುದಾದರೆ ಹಾಕಿ. ಫೋರ್ ವೀಲ್ ಹಾಕುವ ಗಾಡಿಗೆ ಬೇಡ. ಟೈರಿನ ಸುತ್ತಳತೆ ಬೇರೆ ಆದರೆ ಮುಂದಿನ, ಹಿಂದಿನ ಶಾಫ್ಟ್ ಒಂದನ್ನೊಂದು ತಿರುಚುತ್ತವೆ, ಲಿವರ್ ಹಿಂದೆ ಬರುವುದಿಲ್ಲ, ಕೊನೆಗೆ ಶಾಫ್ಟಿನ ಕೀಲಿನ ಕ್ರಾಸ್ ಮುರಿಯುತ್ತದೆ. ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿದರೂ ಅದೇ. ನಾಲ್ಕೂ ಒಟ್ಟಿಗೆ ತಗೊಳ್ಳಿ. ಲಿವರ್ ಸಿಕ್ಕಿಬಿದ್ದರೆ ನೇರವಾಗಿ ನಾಲ್ಕು ಮಾರು ರಿವರ್ಸ್ ತಗೊಂಡು ನೋಡಿ, ಬಿಟ್ಟುಕೊಳ್ಳುತ್ತದೆ.