ಉಂಡೂ ಏಳದ ನೆಂಟರು

ಸೀನನ ಮನೆ ಅಟ್ಟದಿಂದ ಹಳೇ 486 ಕಂಪ್ಯೂಟರ್ ಇಳಿಸಿದ್ದೇ ತಪ್ಪಾಯಿತು. 1994ರಲ್ಲಿ ಅವರಪ್ಪ ಕೊಡಿಸಿದ್ದು. 8 ಎಂಬಿ ರ‍್ಯಾಮ್ ಅಂತ ಆಗ ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದ. ಈಗ ಬ್ಯಾಟರಿ ಸತ್ತು, ತನಗೊಂದು ಹಾರ್ಡ್ ಡಿಸ್ಕ್ ಇದೆ ಅನ್ನೋದೇ ಮಿಷನ್‌ಗೆ ಮರೆತುಹೋಗಿತ್ತು. ಡಿಸ್ಕಿನ ಮೈಮೇಲಿದ್ದ ಚೀಟಿ ಒರೆಸಿ, ಸಿಲಿಂಡರ್, ಹೆಡ್, ಸೆಕ್ಟರ್ ಲೆಕ್ಕ ಓದಿ ಕೈಯಾರೆ ತುಂಬಿದ ಮೇಲೆ, ಕಮಾಂಡಿಗೆ ಕಾಯುವ ಸಿ ಪ್ರಾಂಪ್ಟ್ ಬಂತು. ಗೇಮ್ ಹಾಕಿದರೆ ಒಂದೇ ಸಾಲು: ಮೆಮೊರಿ ಸಾಲದು.

"8 ಎಂಬಿ ನುಂಗಿ ಇನ್ನೂ ಸಾಲದು ಅಂತದಲ್ಲೋ!" ಎಂದ ಗುಂಡ, ಅವಲಕ್ಕಿ ತಟ್ಟೆ ತೊಡೆ ಮೇಲಿಟ್ಟುಕೊಂಡು.

"ಛತ್ರ ದೊಡ್ಡದೇ ಕಣೋ. ಊಟದ ಹಾಲ್‌ನಲ್ಲಿ ಹಾಕೋದು 640 ಎಲೆ ಮಾತ್ರ," ಎಂದೆ.

1981ರ ಐಬಿಎಂ ಪಿಸಿಯಲ್ಲಿದ್ದ 8088 ಪ್ರೊಸೆಸರ್‌ಗೆ 20 ಅಡ್ರೆಸ್ ಲೈನ್. ಅಷ್ಟರಲ್ಲಿ ಎಣಿಸಲು ಆಗುವುದು 1 ಎಂಬಿ. ಅದರಲ್ಲೂ ಮೇಲಿನ 384 ಕೆಬಿ ಸ್ಕ್ರೀನು, ಮಿಷನ್ ಎಬ್ಬಿಸುವ ಬಯಾಸ್, ಕಾರ್ಡುಗಳಿಗೆ ಮೀಸಲು. ಪ್ರೋಗ್ರಾಂಗಳಿಗೆ ಉಳಿದದ್ದು 640 ಕೆಬಿ. ಆಮೇಲೆ ಜನ ಮಾಳಿಗೆ ಮೇಲೆ ಮಾಳಿಗೆ ಕಟ್ಟಿಕೊಂಡರು. ಆಗಿನ ಆಪರೇಟಿಂಗ್ ಸಿಸ್ಟಂ ಡಾಸ್ ಮಾತ್ರ ಅದೇ ಹಾಲ್‌ನಲ್ಲಿ ಪಂಕ್ತಿ ಹಾಕುತ್ತಾ ಕೂತಿತ್ತು.

"ಗೇಮ್ ಕೇಳ್ತಿರೋದು 580 ತಾನೇ? 640 ಇದೆಯಲ್ಲ."

"ಯಾರ್‍ಯಾರು ಮೊದಲೇ ಕೂತಿದ್ದಾರೆ ನೋಡು."

ಸೀನ ಮೆಮೊರಿ ಲೆಕ್ಕ ತೋರಿಸುವ ಮೆಮ್ ಕಮಾಂಡ್ ಕೊಟ್ಟ. ಪಟ್ಟಿ ಉರುಳಿತು. ಡಾಸ್, ಮೌಸ್ ಡ್ರೈವರ್, ಸೀಡಿ ಡ್ರೈವರ್, ಅದರ ಬೆನ್ನಿಗೆ ಇನ್ನೊಂದು ಸೀಡಿ ಪ್ರೋಗ್ರಾಂ, ಡಾಸ್‌ಕೀ. ಉಳಿದದ್ದು 511. ಡಾಸ್‌ಕೀಯಂಥ ಪ್ರೋಗ್ರಾಂಗಳಿಗೆ ಟಿಎಸ್‌ಆರ್ ಅನ್ನುತ್ತಾರೆ. ಉಂಡಾದ ಮೇಲೂ ಎಲೆ ಬಿಟ್ಟು ಏಳುವುದಿಲ್ಲ.

"ನಮ್ಮ ಸೋದರಮಾವನ ಕಡೆಯವರು," ಎಂದ ಗುಂಡ.

ಇಂಥವರನ್ನು ಎಬ್ಬಿಸಬಾರದು, ಉಪಾಯವಾಗಿ ಮೇಲಕ್ಕೆ ಸಾಗಿಸಬೇಕು. ಅದಕ್ಕೇ ಮಿಷನ್ ಏಳುವಾಗ ಓದುವ ಕಾನ್ಫಿಗ್ ಫೈಲಿನಲ್ಲಿ ಹೈಮೆಮ್, ಇಎಂಎಂ386 ಅನ್ನೋ ಮೆಮೊರಿ ಮೇಸ್ತ್ರಿಗಳಿಬ್ಬರನ್ನೂ ಬರೆಯುವುದು. ಮೇಲೆ ಹತ್ತಿ ಅಂತ ಇನ್ನೊಂದೆರಡು ಸಾಲು ಬರೆದರೆ ಡಾಸ್‌ನ ದೊಡ್ಡ ಪಾಲು 1 ಎಂಬಿಯ ಆಚೆ ಹತ್ತಿರ ಹತ್ತಿರ 64 ಕೆಬಿ ಜಾಗಕ್ಕೆ ಹತ್ತುತ್ತದೆ. ಡ್ರೈವರುಗಳು ಆ 384ರ ಸಂದಿಗೊಂದಿಗಳಲ್ಲಿ ಚಾಪೆ ಹಾಸಿಕೊಳ್ಳುತ್ತವೆ. ಸೀನ ಜಾಣ, ಇಎಂಎಂ386 ಮೊದಲು ಬರೆದ. ಅದು ಹೈಮೆಮ್ ಎಲ್ಲಿ ಅಂತ ಕೇಳಿ ಮುನಿಸಿಕೊಂಡಿತು.

"ಏಣಿ ಇಡದೆ ಅಟ್ಟ ಹತ್ತಿಸ್ತೀಯೇನೋ?"

ಸಾಲು ಅದಲುಬದಲು ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆವು. 604! ಮದುವೆಯ ದಿನ ಕೂಡ ಸೀನ ಅಷ್ಟು ಕುಣಿದಿರಲಿಲ್ಲ. ಗೇಮ್ ಬಂತು, ಬಂದೂಕೂ ಹಾರಿತು. ಶಬ್ದ ಮಾತ್ರ ಇಲ್ಲ.

"ಐಆರ್‌ಕ್ಯೂ," ಎಂದೆ ಗಂಭೀರವಾಗಿ. "ಕಾರ್ಡುಗಳು ಪ್ರೊಸೆಸರನ್ನು ಕರೆಯೋ ಕಾಲಿಂಗ್ ಬೆಲ್ ಇದ್ದ ಹಾಗೆ. ನಿನ್ನ ಸೌಂಡ್ ಕಾರ್ಡು 7ನೇ ಬೆಲ್ ಒತ್ತುತ್ತಿದೆ, ಗೇಮ್ 5ನೇ ಬೆಲ್ ಹತ್ತಿರ ಕಿವಿ ಇಟ್ಕೊಂಡು ಕೂತಿದೆ."

(ಒಂದೇ ಬೆಲ್ ಇಬ್ಬರು ಒತ್ತಿದರೆ ಇನ್ನೂ ಚೆನ್ನ. ನನ್ನ ಮೋಡೆಮ್ ಕಾಮ್3 ಪೋರ್ಟಿನಲ್ಲಿ, ಮೌಸ್ ಕಾಮ್1ರಲ್ಲಿ, ಎರಡಕ್ಕೂ ಐಆರ್‌ಕ್ಯೂ 4. ಮೌಸ್ ಅಲ್ಲಾಡಿಸಿದರೆ ಸಾಕು, ಲೈನ್ ಢಮಾರ್. ಆರು ತಿಂಗಳು ಟೆಲಿಫೋನ್ ಲೈನ್‌ಮನ್‌ನ ಬೈದೆ, ಪಾಪ.)

ಸೀನ ಹೆಂಡತಿಯ ಹುಬ್ಬು ಕೀಳುವ ಚಿಮಟ ತಂದ. ಕಾರ್ಡಿನ ಮೇಲೆ ಅಕ್ಕಿಕಾಳಿಗಿಂತ ಚೂರು ದಪ್ಪಗಿನ ಕರಿ ಜಂಪರ್, ಯಾವ ಪಿನ್ನಿಗೆ ಸಿಕ್ಕಿಸಿದರೆ ಆ ಬೆಲ್. 7ರಿಂದ ಎತ್ತಿದ, 5ರ ಕಡೆ ತಂದ, ಟಕ್ ಅಂತ ಹಾರಿತು. ಟಾರ್ಚ್ ಹಿಡಿದು ಸೋಫಾ ಕೆಳಗೆ ತೆವಳಿದೆವು. ಮಂಡಿ ನೋವಲ್ಲಿ "ಅಮ್ಮಾ" ಅಂದದ್ದೇ ಬಂತು.

ಗುಂಡ ಕೂತಲ್ಲಿಂದ ಕದಲಲಿಲ್ಲ. "ಕಾರ್ಡು 7 ಅಂತದೆ, ಫೈಲು 5 ಅಂತದೆ. ಫೈಲಲ್ಲೇ 7 ಅಂತ ತಿದ್ದಿದ್ರೆ ಆಗ್ತಿರಲಿಲ್ವಾ?"

ಸೋಫಾ ಕೆಳಗೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕಾರ್ಡಿನ ಬೆಲ್ ಯಾವುದೆಂದು ಗೇಮ್‌ಗೆ ಹೇಳುವ ಸೆಟ್ ಬ್ಲಾಸ್ಟರ್ ಸಾಲಿನಲ್ಲಿ ಒಂದು ಅಂಕಿ. ಅಷ್ಟೇ. ಈಗ 5ಕ್ಕೂ ಇಲ್ಲ, 7ಕ್ಕೂ ಇಲ್ಲ.

ಮೇಲೆ ಅಗಿಯುವ ಸದ್ದು ನಿಂತಿತು.

"ಸೀನಾ, ಅತ್ತಿಗೆ ಅವಲಕ್ಕೀಲಿ ಕಲ್ಲು ಆರಿಸಿಲ್ಲ ಕಣೋ."