ಸಹಾಯ ಬೇಕು: ಹವಳದ ಚೂರಿನ ಬದಲಿಗೆ ಕಪ್ಪೆಚಿಪ್ಪು ಸಾಕೇ?

ಮಾನ್ಯರೇ, ಮಲೆನಾಡಿನ ನಮ್ಮ ಮನೆಯ 200 ಲೀಟರ್ ಅಕ್ವೇರಿಯಂನಲ್ಲಿ ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳನ್ನು ಸಾಕುತ್ತಿದ್ದೇನೆ. ಅವುಗಳಿಗೆ 8ರ ಆಸುಪಾಸಿನ ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ; 7ಕ್ಕಿಂತ ಕಡಿಮೆಯಾದರೆ ಆಮ್ಲೀಯ) ಇರುವ ಗಡಸು ನೀರು ಬೇಕು. ನಮ್ಮ ಬಾವಿಯ ನೀರಾದರೋ ಬಹಳ ಮೆದು. ಫಿಲ್ಟರಿನ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೇಟ್ ಆಗಿಸುವಾಗ ಹುಟ್ಟುವ ಆಮ್ಲವನ್ನು ತಡೆದುಕೊಳ್ಳುವಷ್ಟು ಕಾರ್ಬೊನೇಟ್ ಅದರಲ್ಲಿ ಇಲ್ಲದ ಕಾರಣ, ಹತ್ತು ದಿನಗಳಲ್ಲೇ ಪಿಎಚ್ 6.4ಕ್ಕೆ ಇಳಿಯುತ್ತದೆ.

ಕಳೆದ ವಾರ ಅಡುಗೆ ಸೋಡಾ ಹಾಕಿದಾಗ ಪಿಎಚ್ ಒಮ್ಮೆಲೇ ಏರಿ, ನೀರಿನಲ್ಲಿ ನಿರಪಾಯವಾಗಿದ್ದ ಅಮೋನಿಯಂ ವಿಷಕಾರಿ ಅಮೋನಿಯವಾಗಿ ಮಾರ್ಪಟ್ಟಿತೆಂದು ತೋರುತ್ತದೆ. ಮೀನುಗಳು ಮೇಲ್ಮೈಗೆ ಬಂದು ಏದುಸಿರು ಬಿಡತೊಡಗಿದವು. ಆ ರಾತ್ರಿಯಿಡೀ ನಾನು ತೊಟ್ಟಿಯ ಬಳಿಯೇ ಕುಳಿತಿದ್ದೆ.

ನೀರು ಆಮ್ಲೀಯವಾದಷ್ಟೂ ಹೆಚ್ಚು ಕರಗಿ, ಪಿಎಚ್ ಅನ್ನು ಮೆಲ್ಲಗೆ ಏರಿಸುವ ಹವಳದ ಚೂರು ಇದಕ್ಕಿಂತ ಸುರಕ್ಷಿತವೆಂದು ತಿಳಿದಿದ್ದೇನೆ. ಆದರೆ ಬಂಡೆಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ಅದನ್ನು ಕೊಳ್ಳಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಕರಾವಳಿಯ ಕಪ್ಪೆಚಿಪ್ಪೂ ಕ್ಯಾಲ್ಸಿಯಂ ಕಾರ್ಬೊನೇಟೇ ಅಲ್ಲವೇ?

ಅದನ್ನು ಚೆನ್ನಾಗಿ ತೊಳೆದು, ಪುಡಿಮಾಡಿ ಬಳಸಿದವರು ದಯವಿಟ್ಟು ತಿಳಿಸಿ: ತಳದಲ್ಲಿ ಹಾಸುವುದು ಮೇಲೋ, ಜಾಲರಿ ಚೀಲದಲ್ಲಿ ಫಿಲ್ಟರಿನೊಳಗೆ ಇಡುವುದು ಮೇಲೋ? 200 ಲೀಟರಿಗೆ ಎಷ್ಟು ಕಿಲೋದಿಂದ ಆರಂಭಿಸಲಿ? ವಾರಕ್ಕೊಮ್ಮೆ ಹೊಸ ನೀರು ತುಂಬುವಾಗ ಪಿಎಚ್ ಏರುಪೇರಾಗದಂತೆ ಹೇಗೆ ನೋಡಿಕೊಳ್ಳುತ್ತೀರಿ?