ಎಳ್ಳಮಾಸಿ ಚರಗ, ತೊಮ್ತೆಯ ಗಂಜಿ

ಎಲ್ಲರಿಗೂ ನಮಸ್ಕಾರ. ಗದಗಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಬರೀತಿದ್ದೀನಿ. ನಾವು ಸ್ವೀಡನ್ನಿನಿಂದ ಹೊರಡೋ ಹೊತ್ತಿಗೆ ಅಲ್ಲಿನ ನಮ್ಮ ಕನ್ನಡದವರ ಗುಂಪಿನಲ್ಲಿ ಅಕ್ಕ ಒಬ್ಬರು ಕೇಳಿದ್ದರು: "ಮಗಳನ್ನು ಶಾಲೆಯ ಲುಸಿಯಾ (ಡಿಸೆಂಬರಿನ ದೀಪದ ಹಬ್ಬ) ಮೆರವಣಿಗೆಗೆ ಕಳಿಸಿದೆ. ಬಿಳಿ ಅಂಗಿ ತೊಟ್ಟು, ತಲೆ ಮೇಲೆ ದೀಪ ಹೊತ್ತು ಎಷ್ಟು ಚಂದ ಹಾಡಿದಳು! ಆದರೂ ಮನಸ್ಸಿಗೆ ಕಸಿವಿಸಿ. ಅವರ ಹಬ್ಬಗಳೇ ಮೈಗೂಡಿದರೆ ನಮ್ಮವು ಉಳಿದಾವಾ?" ಆಗ ಬ್ಯಾಗು ತುಂಬೋ ಗಡಿಬಿಡಿ, ಉತ್ತರ ಬರೆಯಲಿಲ್ಲ. ನಿನ್ನೆ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಮುಗೀತು. ಹೊಲದಲ್ಲಿ ನಡೆದದ್ದನ್ನು ಹೇಳಬೇಕು ಅನ್ನಿಸಿತು.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡ್ತೀನಿ. ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಬಂದ ಹೊಸತರಲ್ಲಿ ಯಾರು ಕೇಳಿದರೂ "ದೀಪಾವಳಿ ಅಂದ್ರೆ ನಮ್ಮ ಕ್ರಿಸ್ಮಸ್" ಅಂತಿದ್ದೆ. ಹೇಳೋದು ಸುಲಭ, ಕೇಳಿದವರೂ ತಲೆ ಆಡಿಸ್ತಿದ್ದರು. ಮಗಳು ಅದನ್ನೇ ನಂಬಿದಳು. ಆರು ವರ್ಷದವಳಿದ್ದಾಗ ಒಂದಿನ, "ಅವ್ವಾ, ನಮ್ಮ ಕ್ರಿಸ್ಮಸ್ಸಿಗೆ ಮರ ಯಾಕಿಲ್ಲ? ಉಡುಗೊರೆ ಯಾಕ ಇಷ್ಟ ಕಡಿಮಿ?" ಅಂದಳು. ಕರುಳು ಚುರುಕ್ ಅಂತು. ಪಾಡ್ಯದ ದಿನ ಸಗಣಿಯಿಂದ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡು ಹೂ ಸಿಗಿಸಿ ಹೊಸ್ತಿಲ ಹತ್ತಿರ ಕೂಡಿಸೋ ನಮ್ಮ ಹಟ್ಟಿ ಹಬ್ಬವನ್ನು ಅವಳು ಕಣ್ಣಿಂದ ನೋಡೇ ಇರಲಿಲ್ಲ. ಬೇರೆಯವರ ಹಬ್ಬದ ಅಳತೆಗೆ ನಮ್ಮದನ್ನು ಹೊಲಿದು ಕೊಟ್ಟರೆ ಅದು ಯಾವತ್ತೂ ಗಿಡ್ಡಾಗೇ ಕಾಣುತ್ತೆ. ಅವತ್ತಿನಿಂದ ಆ ಮಾತು ಬಿಟ್ಟೆ.

ಈಗ ನಿನ್ನೆಯ ವಿಷಯ. ಮುಳಗುಂದದ ಕಡೆ ನಮ್ಮದು ಎರಿ (ಕಪ್ಪು ಮಣ್ಣಿನ) ಹೊಲ. ಹಿಂಗಾರಿ ಜೋಳ ತೆನೆ ಹಿಡಿದಿದೆ, ಕಡಲೆ ಕಾಯಿಗೆ ಬಂದಿದೆ, ಬದುವಿನ ಗುಂಟ ಕುಸುಬಿ. ಅವ್ವ ಮತ್ತು ನಮ್ಮ ವೈನಿ ಬೆಳಗಿನ ನಾಲ್ಕಕ್ಕೇ ಎದ್ದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಅಗಸಿ ಹಿಂಡಿ, ಶೇಂಗಾ ಹೋಳಿಗೆ, ಮೊಸರು ಬುತ್ತಿ ಎಲ್ಲ ಕಟ್ಟಿದ್ದರು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಆರಿಸಿ ಇಟ್ಟು, ಸುಣ್ಣ ಹಚ್ಚಿ, ಪಾಂಡವರು ಅಂತ ಪೂಜೆ ಮಾಡಿದ ಮೇಲೆ, ಮಾಡಿದ ಅಡಿಗೆಯನ್ನೆಲ್ಲ ಒಂದಿಷ್ಟು ಕಲಸಿ ಬುಟ್ಟಿಗೆ ಹಾಕಿಕೊಂಡು ಅಪ್ಪ ಚರಗ ಚೆಲ್ಲಲು, ಅಂದರೆ ಹೊಲದ ತುಂಬ ಎಡೆ ಎರಚಲು, ಎದ್ದರು. ಮುಂದೆ ಅಪ್ಪ "ಹುಲ್ಲುಲ್ಲಿಗೋ..." ಅನ್ನೋದು, ಹಿಂದೆ ನಮ್ಮ ಅಣ್ಣನ ಮಕ್ಕಳು "ಚಳ್ಳಂಬರಿಗೋ..." ಅಂತ ಕೂಗೋದು. ಊರೂರಿಗೆ ಈ ಕೂಗು ಒಂಚೂರು ಬೇರೆ, ನಿಮ್ಮ ಹಾವೇರಿ ಕಡೆ ಹೇಗೋ ಬರೀರಿ. ಚರಗದ ಹಿಂದೆ ತಂಬಿಗೆಯಿಂದ ನೀರು ಚಿಮುಕಿಸೋ ಕೆಲಸ ನನ್ನ ಮಗಳಿಗೆ ಸಿಕ್ಕಿತು. ಈಗ ಒಂಬತ್ತು ವರ್ಷ. ಎರಿ ಮಣ್ಣಿನ ಬಿರುಕಿನಲ್ಲಿ ಕಾಲು ಸಿಕ್ಕೀತು ಅಂತ ನೆಲ ನೋಡ್ತಾ, ಒಂದು ಹನಿ ವ್ಯರ್ಥ ಆಗದ ಹಾಗೆ ಬೆರಳಿಂದ ಚಿಮುಕಿಸ್ತಾ ನಡೆದಳು. ಅರ್ಧ ಹೊಲ ದಾಟಿದ ಮೇಲೆ ನಿಂತು ಕೇಳಿದಳು: "ಅಜ್ಜಾ, ಇದು ತೊಮ್ತೆಗೇನು?"

"ಅಂವ ಯಾರವಾ?" ಅಂದರು ಅಪ್ಪ.

ಅವಳೇ ಹೇಳಿದಳು, ತನ್ನ ಅರೆಬರೆ ಕನ್ನಡದಲ್ಲಿ. ತೊಮ್ತೆ ಅಂದರೆ ಗಡ್ಡದ ಕುಳ್ಳ ಮುದುಕ, ಹೊಲ ಮನೆ ದನಕರು ಕಾಯ್ತಾನೆ. ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಅವನಿಗೆ ಹಾಲಲ್ಲಿ ಬೇಯಿಸಿದ ಗಂಜಿ, ಮೇಲೆ ಒಂದು ಬೆಣ್ಣೆ ಉಂಡೆ ಇಡಬೇಕು. ಒಂದು ಸಲ ಮನೆಯವರು ಬೆಣ್ಣೆಯನ್ನು ಗಂಜಿಯ ತಳದಲ್ಲಿ ಹಾಕಿದರಂತೆ. ಬೆಣ್ಣೆ ಕಾಣಲಿಲ್ಲ ಅಂತ ಸಿಟ್ಟಿಗೆದ್ದು ಅವರ ಆಕಳನ್ನೇ ಕೊಂದುಬಿಟ್ಟ. ಆಮೇಲೆ ಗಂಜಿ ಉಣ್ಣುವಾಗ ತಳದಲ್ಲಿ ಬೆಣ್ಣೆ ಸಿಕ್ಕು, ಪಶ್ಚಾತ್ತಾಪಪಟ್ಟು, ಅಂಥದೇ ಇನ್ನೊಂದು ಆಕಳು ತಂದು ಕಟ್ಟಿದ. ಬುತ್ತಿ ಬಿಚ್ಚುತ್ತಿದ್ದ ಅವ್ವ ಕೈ ನಿಲ್ಲಿಸಿ ಕೇಳಿದಳು. "ನೋಡ್ರಿ, ಆ ದೇಶದಾಗೂ ಹೊಲ ಕಾಯಾಂವ ಒಬ್ಬಾಂವ ಅದಾನ. ಎಡಿ ಅಂದಮ್ಯಾಲೆ ಕಣ್ಣಿಗೆ ಕಾಣೂ ಹಂಗ ಇಡಬೇಕವಾ, ತಳದಾಗ ಹಾಕಿದ್ರ ಹೆಂಗ?"

ಇದನ್ನು ನಾನು ಅವಳಿಗೆ ಕಲಿಸಿದ್ದಲ್ಲ. ಡಿಸೆಂಬರಿನಲ್ಲಿ ನಮ್ಮ ಪಕ್ಕದ ಮನೆಯ ಸ್ವೀಡಿಶ್ ಅಜ್ಜಿ ಹಕ್ಕಿಗಳಿಗೆ ಅಂತ ಓಟ್ಸ್ ತೆನೆಯ ಕಟ್ಟನ್ನು ಕಂಬಕ್ಕೆ ಕಟ್ಟುತ್ತಾರೆ, ಯೂಲ್‌ಶೆರ್ವೆ ಅಂತ. ಆಗ ಏಣಿ ಹಿಡಿದು ನಿಲ್ಲೋದು ನನ್ನ ಮಗಳೇ. ಅಲ್ಲಿ ಏಣಿ ಹಿಡಿದಿದ್ದಕ್ಕೇ ಇಲ್ಲಿ ತಂಬಿಗೆ ಹಿಡಿದಾಗ ಗುರುತು ಹತ್ತಿತು. ಚರಗದ ಅಗುಳಿಗೆ ಬರೋ ಹಕ್ಕಿಗಳು ಕಡಲೆಯ ಹುಳಾನೂ ತಿಂತಾವೆ ಅಂತ ಅಪ್ಪ ಹೇಳಿದ್ದನ್ನು ವಾಪಸ್ ಹೋದಮೇಲೆ ಆ ಅಜ್ಜಿಗೆ ಹೇಳಬೇಕಂತೆ.

ಹಾಗಂತ ಎರಡೂ ಒಂದೇ ಅಂತ ನಾನು ಹೇಳೋದಿಲ್ಲ. ಚರಗ ಭೂಮಿತಾಯಿಗೆ ಉಣಿಸೋದು. ತೊಮ್ತೆಗೆ ಇಡೋದರಲ್ಲಿ ಅಂಜಿಕೆಯೂ ಉಂಟು, ವರ್ಷಪೂರ್ತಿ ದುಡಿದವನ ಕೂಲಿಯೂ ಉಂಟು. ಲುಸಿಯಾನೂ ಹಾಗೇ. ಡಿಸೆಂಬರ್ 13ರ ಹೊತ್ತಿಗೆ ಗೋಥೆನ್‌ಬರ್ಗಿನಲ್ಲಿ ಸೂರ್ಯ ಹುಟ್ಟೋದು ಒಂಬತ್ತರ ಸುಮಾರಿಗೆ, ಮೂರೂವರೆಗೆ ಕತ್ತಲು. ಆ ಕತ್ತಲಲ್ಲಿ ಮಕ್ಕಳು ದೀಪ ಹಿಡಿದು ಬರೋದು ಯಾಕೆ ಅಂತ ಗದಗಿನ ಬಿಸಿಲಲ್ಲಿ ಕೂತವರಿಗೆ ಪೂರ್ತಿ ತಿಳಿಯೋದಿಲ್ಲ, ಅಲ್ಲಿ ಒಂದು ಚಳಿಗಾಲ ಕಳೀಬೇಕು. ಬೆಳೆಗೆ, ಹಕ್ಕಿಗೆ, ಕಾಣದ ಕಾವಲುಗಾರನಿಗೆ ಒಂದು ತುತ್ತು ತೆಗೆದಿಟ್ಟು ಆಮೇಲೆ ತಾನು ಉಣ್ಣೋದು ಮಾತ್ರ ಎರಡೂ ಕಡೆ ಉಂಟು.

ಅಕ್ಕಾ, ನಿಮ್ಮ ಕಸಿವಿಸಿಗೆ ನಮ್ಮ ಊರೇ ಉತ್ತರ ಕೊಡುತ್ತೆ ಅನ್ನಿಸುತ್ತೆ. ಗದಗಿನ ವೀರನಾರಾಯಣ ಗುಡಿ, ತ್ರಿಕೂಟೇಶ್ವರ ಗುಡಿ, ಜುಮ್ಮಾ ಮಸೀದಿ ಮೂರನ್ನೂ ನೋಡಿಕೊಳ್ಳೋದು ಒಂದೇ ಆಡಳಿತ ಮಂಡಳಿ. ಸಣ್ಣವಳಿದ್ದಾಗ ಮೊಹರಂನಲ್ಲಿ ಅಲೈ ಕುಣಿ (ಬೆಂಕಿಯ ಕುಣಿ) ಸುತ್ತ ಹೆಜ್ಜೆ ಹಾಕೋರನ್ನು ನೋಡಲು ಓಡ್ತಿದ್ದೆ. ಅವ್ವ ತಾನೇ ಕರೆದುಕೊಂಡು ಹೋಗಿ ನನಗೆ ಲಾಡಿ (ಮೊಹರಂನ ದಾರ) ಕಟ್ಟಿಸ್ತಿದ್ದಳು. ಲಾಡಿ ಕಟ್ಟಿಕೊಂಡ ಕೈಯಿಂದಲೇ ಪಂಚಮಿಗೆ ಜೋಕಾಲಿ ಹಗ್ಗ ಹಿಡಿದೆ, ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಅಂದೆ. ನನ್ನ ಯಾವ ಹಬ್ಬವೂ ಅದರಿಂದ ಕಡಿಮೆಯಾಗಲಿಲ್ಲ. ಲುಸಿಯಾಗೆ ಕಳಿಸಿರಿ, ಧೈರ್ಯವಾಗಿ ಕಳಿಸಿರಿ. ನಮ್ಮ ಹಬ್ಬದಲ್ಲೂ ಅವಳ ಕೈಗೆ ಒಂದು ಕೆಲಸ ಕೊಡಿರಿ. ಪ್ರೊಜೆಕ್ಟರ್ ಹಾಕಿ ನರಕಾಸುರನ ಕಥೆ ಹೇಳೋದು ನಾನೂ ಮಾಡಿ ನೋಡಿದ್ದೀನಿ, ಮಕ್ಕಳ ಮನಸ್ಸಿಗೆ ಹತ್ತಲಿಲ್ಲ. ಕರ್ಚಿಕಾಯಿಯ ಅಂಚು ಮಡಚಲು ಕೂಡಿಸಿದ್ದು ಹತ್ತಿತು.

ಬರೋ ವರ್ಷ ಊರಿಗೆ ಬರಬೇಕು ಅನ್ನೋರಿಗೆ ಒಂದು ಮಾತು. ಸ್ವೀಡನ್ನಿನಲ್ಲಿ ಶಾಲೆ ಕಡ್ಡಾಯ, ಹೆಡ್‌ಮಾಸ್ತರರ ಒಪ್ಪಿಗೆ ಇಲ್ಲದೆ ರಜೆ ಇಲ್ಲ. ಗಣಪತಿ ಹಬ್ಬಕ್ಕೆ ಬರೋದು ಕಷ್ಟ. ದೀಪಾವಳಿ ಕೆಲವು ವರ್ಷ ಮಾತ್ರ 44ನೇ ವಾರದ (ಅಕ್ಟೋಬರ್ ಕೊನೆ, ನವೆಂಬರ್ ಮೊದಲ ಹೊತ್ತಿನ) ಶಾಲೆ ರಜೆಗೆ ಕೂಡಿ ಬರುತ್ತೆ. ಎಳ್ಳಮಾಸಿ ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದೊಳಗೆ ಬರುವುದರಿಂದ ಎಷ್ಟೋ ವರ್ಷ ಕ್ರಿಸ್ಮಸ್ ರಜೆಯಲ್ಲೇ ಸಿಗುತ್ತೆ. ಟಿಕೆಟ್ ತೆಗೆಯುವ ಮುಂಚೆ ಪಂಚಾಂಗ ನೋಡಿರಿ.

ಸಂಕ್ರಾಂತಿಗೆ ವಾಪಸ್ ಅಲ್ಲೇ ಇರ್ತೀವಿ. ಜನವರಿ 13, ಕ್ನೂತ್ ದಿನ, ನಮ್ಮ ಓಣಿಯವರು ಕ್ರಿಸ್ಮಸ್ ಮರ ಹೊರಗೆ ಹಾಕ್ತಾರೆ. ಅದರ ಬೆನ್ನಿಗೇ ನಮ್ಮ ಎಳ್ಳು ಬೆಲ್ಲ. ನಾಳೆ ಪ್ಯಾಟಿಗೆ ಹೋಗಿ ಕುಸುರೆಳ್ಳು ತರ್ತೀನಿ, ಎಷ್ಟೆಷ್ಟು ಬೇಕು ಇವತ್ತೇ ಹೇಳಿರಿ. ಅಕ್ಕಾ, ನಿಮ್ಮ ಮಗಳದೊಂದು ಪಾಕೀಟು ಬ್ಯಾರೆ ಕಟ್ಟಿಸ್ತೀನಿ. ಅವಳ ಕೈಯಿಂದಲೇ ಲುಸಿಯಾ ಹಾಡಿದ ಗೆಳತಿಯರಿಗೆ ಹಂಚಿಸಿರಿ.